ಬಿಸಿಲಿಗೆ ಎದ್ದು ನಿಂತ ಕೋರ್ಟು

ನನ್ನ ಹೆಂಡತಿ ದಿನಾ ಸಂಜೆ ಗ್ರಂಥಾಲಯದ ಹಿಂದಿನ ಮೈದಾನಕ್ಕೆ ಬ್ಯಾಡ್ಮಿಂಟನ್ ಆಡಲು ಹೋಗುತ್ತಾಳೆ. ಜೊತೆಗೆ ಮೂವರು ಗೆಳತಿಯರು: ಒಬ್ಬಳು ನರ್ಸ್, ಒಬ್ಬಳು ಬ್ಯಾಂಕಿನ ಕ್ಯಾಶಿಯರ್, ಇನ್ನೊಬ್ಬಳು ಬೇಕರಿಯವಳು. ಆಡಲಿ, ನನ್ನದೇನೂ ಅಭ್ಯಂತರವಿಲ್ಲ ಎಂದು ಕಂಡವರ ಮುಂದೆಲ್ಲ ದೊಡ್ಡ ಮನಸ್ಸು ತೋರಿಸುತ್ತಿದ್ದೆ. ಒಳಗಿನ ಸಂಕಟ ಬೇರೆ. ವಾಪಸು ಬರುವಾಗ ಬೀದಿಯ ತಿರುವಿನಿಂದಲೇ ಅವಳ ನಗು ಕೇಳುತ್ತಿತ್ತು. ಗೇಟಿನವರೆಗೂ ಬರುತ್ತಿತ್ತು. ಅವಳು ಶೂ ಬಿಚ್ಚುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

"ಏನದು ಅಷ್ಟು ನಗು?" ಎಂದು ಕೇಳಿದರೆ, "ಏನಿಲ್ಲ ರೀ, ಅಲ್ಲೇ ಇದ್ದಿದ್ರೆ ಗೊತ್ತಾಗ್ತಿತ್ತು" ಎಂದು ಸ್ನಾನಕ್ಕೆ ಹೋಗಿಬಿಡುವಳು.

ಒಂದು ಬಲೆ, ನಾಲ್ಕು ಬ್ಯಾಟಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡಸು ಊರಿಗೆಲ್ಲ ನಾನೊಬ್ಬನೇ ಇರಬೇಕು. ತಲೆ ಕೆರೆದುಕೊಂಡು ಕೊನೆಗೊಂದು ತೀರ್ಮಾನಕ್ಕೆ ಬಂದೆ. ಆಟ ಮನೆಗೆ ಬಂದರೆ ನಗುವೂ ಮನೆಗೆ ಬರುತ್ತದೆ. ಹಿತ್ತಲಲ್ಲಿ ಕೋರ್ಟು ಹಾಕಿಸುವುದು. ಹಾಕಿಸುವುದೇನು, ನಾನೇ ಹಾಕುವುದು.

ನನ್ನ ಕಸುಬು ಕಿಟಕಿ ಕೂರಿಸುವುದು. ನಾನು ಕೂರಿಸಿದ ಚೌಕಟ್ಟಿನಲ್ಲಿ ಗಾಳಿ ನುಗ್ಗಲು ಜಾಗ ಹುಡುಕಿ ಸೋತು ವಾಪಸು ಹೋಗಬೇಕು, ಹಾಗಿರುತ್ತದೆ ಕೆಲಸ. ಎಲ್ಲೇ ಸಂದು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಹೋದರೂ ಕಾಫಿ ಲೋಟ ಪಕ್ಕಕ್ಕಿಟ್ಟು ಅವರ ಬಾಗಿಲ ಬುಡವನ್ನು ಬಗ್ಗಿ ನೋಡುತ್ತೇನೆ. ಭಾವಮೈದುನ ನನಗೆ 'ಸಂದುವೈರಿ' ಎಂದು ಹೆಸರಿಟ್ಟಿದ್ದಾನೆ. ನಾನು ಅದನ್ನು ಬಿರುದು ಎಂದುಕೊಂಡಿದ್ದೆ.

ಸಿಮೆಂಟ್ ನೆಲ ಒಣಗಿದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಸಿರು ಪ್ಲಾಸ್ಟಿಕ್ ಬಿಲ್ಲೆಗಳು ಬಂದವು. ಅಂಗಡಿಯವನು ಫೋನಿನಲ್ಲಿ, "ಸಾರ್, ಗೋಡೆ ಪಕ್ಕ ಸುತ್ತಲೂ ಎರಡು ಬೆರಳು ಜಾಗ ಬಿಡಿ. ಬಿಸಿಲಿಗೆ ಹಿಗ್ಗುತ್ತೆ" ಎಂದ. ಸಂದು ಬಿಡಬೇಕಂತೆ! ನನಗೆ ಹೇಳಿಕೊಡಲು ಬಂದ! ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಅಂಚಿನ ಬಿಲ್ಲೆಗಳನ್ನು ಗೋಡೆಗೆ ಸರಿಯಾಗಿ ಕತ್ತರಿಸಿ, ರಬ್ಬರ್ ಸುತ್ತಿಗೆಯಿಂದ ಬಡಿದು ಬಡಿದು ಕೂರಿಸಿದೆ. ಮುಗಿದಾಗ ಇರುವೆಗೂ ದಾರಿ ಇರಲಿಲ್ಲ. ಹೆಂಡತಿ ಅಡಿಗೆಮನೆ ಬಾಗಿಲಲ್ಲಿ ನಿಂತು, "ಚೆನ್ನಾಗಿದೆ" ಎಂದಳು. ಒಗೆದ ಬಟ್ಟೆ ಎಲ್ಲಿ ಒಣಹಾಕುವುದು ಎಂದು ಕೇಳಲಿಲ್ಲ. ಅದು ಅವಳ ದೊಡ್ಡತನ.

ಭಾನುವಾರ ಸಂಜೆ ಗೆಳತಿಯರನ್ನೂ ಕರೆದಿದ್ದೆವು. ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಹಿತ್ತಲಲ್ಲಿ ಟಪ್ ಎಂದಿತು. ಎದ್ದು ಹೋಗಿ ನೋಡಿದರೆ, ಬಲೆಯ ಕೆಳಗೆ ಕೋರ್ಟು ಎದ್ದು ನಿಂತಿದೆ. ಹೊದಿಕೆಯೊಳಗೆ ಯಾರೋ ಮಂಡಿ ಮಡಚಿ ಮಲಗಿದ ಹಾಗೆ.

ತುಳಿದೆ. ಅಲ್ಲಿ ತಗ್ಗಿತು, ಪಕ್ಕದಲ್ಲಿ ಎದ್ದಿತು. ಅಲ್ಲಿ ಹೋಗಿ ತುಳಿದರೆ ಮೊದಲಿನ ಜಾಗದಲ್ಲೇ ಮತ್ತೆ ಹಾಜರು. ಕೊನೆಗೆ ಅಂಗಾತ ಮಲಗಿ ಕೈಕಾಲು ಚಾಚಿದೆ.

"ನೋಡ್ತಾ ನಿಂತಿದೀಯಲ್ಲ, ಬಾ! ಆ ಕಡೆ ಕೂತ್ಕೋ!" ಎಂದು ಕೂಗಿದೆ.

ಅವಳು ಬಂದು ಕೂತಳು. ನನ್ನ ಕೆಳಗೆ ಕೋರ್ಟು ಉಬ್ಬಿ, ನಾನು ಮಲಗಿದ ಹಾಗೇ ಮೇಲೆದ್ದೆ. ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ತಡೆಯಲಾಗದೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬೀದಿಯ ತಿರುವಿನಲ್ಲಿ ಕೇಳುತ್ತಿದ್ದ ಅದೇ ನಗು, ನನ್ನದೇ ಹಿತ್ತಲಲ್ಲಿ. ಮೂರ್ಖ ನಾನು, ಅದನ್ನು ಗುರುತಿಸದೆ ಮುಖ ಊದಿಸಿಕೊಂಡೆ.

ಸಂಜೆ ಗೆಳತಿಯರು ಬಂದು ನೋಡಿದರು. ನರ್ಸ್ ಬಗ್ಗಿ, "ಅಣ್ಣ, ಇದನ್ನ ಅಡ್ಮಿಟ್ ಮಾಡ್ಬೇಕು" ಎಂದಳು. ನಾಲ್ವರೂ ನಗುತ್ತಾ ಮೈದಾನಕ್ಕೆ ಹೊರಟರು. ಗೇಟಿನ ಹತ್ತಿರ ಹೆಂಡತಿ ತಿರುಗಿ, "ನೀವೂ ಬನ್ನಿ ರೀ" ಎಂದಳು.

"ನನಗೆ ಕೆಲಸ ಇದೆ" ಎಂದೆ.

ಕೆಲಸವೇನೋ ಇತ್ತು. ಗೋಡೆಗುಂಟ ಮಂಡಿಯೂರಿ, ಕಷ್ಟಪಟ್ಟು ಮುಚ್ಚಿದ್ದ ಸಂದನ್ನೇ ಕತ್ತರಿಸಿ ತೆರೆದೆ. ಕೋರ್ಟು ಸಪ್ಪಳವಿಲ್ಲದೆ ಮಲಗಿತು. ಸಪಾಟು ಕೋರ್ಟಿನ ನಡುವೆ ಒಬ್ಬನೇ ಕೂತಾಗ ಅಳು ಬರುವಂತಾಯಿತು. ಯಾರಿಗಾಗಿ ಹಾಕಿದೆನೋ ಅವಳೇ ಬೇರೆ ಕಡೆ ಆಡುತ್ತಿದ್ದಳು.

ಕತ್ತಲಾಗುವ ಮುಂಚೆ ತಿರುವಿನಲ್ಲಿ ನಗು ಕೇಳಿಸಿತು. ಅವಳು ನೇರ ಹಿತ್ತಲಿಗೆ ಬಂದು, ಶೂ ಬಿಚ್ಚಿಟ್ಟು, ನನ್ನ ಪಕ್ಕ ಕೂತಳು.

"ಇವತ್ತೇನು ನಗು?" ಎಂದೆ, ಮುಖ ನೋಡದೆ.

"ನಿಮ್ದೇ."

"ಅಂದ್ರೆ?"

"ಇವತ್ತು ಅಂತಲ್ಲ. ದಿನಾ ನಿಮ್ದೇ ಕಥೆ ಹೇಳೋದು ನಾನು. ಆಟ ಯಾರಿಗೆ ಬೇಕು? ಅವರು ಬರೋದೇ ಅದನ್ನ ಕೇಳೋಕೆ."

ಮೈಯೆಲ್ಲ ಉರಿಯಿತು. ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನನ್ನ ಮೇಲೆಯೇ ಎಂದಾಯಿತು. ಎದ್ದು ಹೋಗೋಣ ಎನಿಸಿತು. ಆದರೆ ಅವಳು ಇನ್ನೂ ನಗುತ್ತಿದ್ದಳು, ಇಷ್ಟು ಹತ್ತಿರದಲ್ಲಿ, ಶೂ ಬಿಚ್ಚಿಯಾದ ಮೇಲೂ.

"ಮನೇಲಿ ಯಾಕೆ ಹೇಳಲ್ಲ?"

"ನೀವು ಬಿಡ್ತೀರಾ? 'ಅದು ಹಾಗಲ್ಲ, ಹೀಗೆ' ಅಂತ ಮಧ್ಯದಲ್ಲೇ ಶುರು ಮಾಡ್ತೀರಿ."

"ಮಾಡಲ್ಲ. ನನಗೂ ಹೇಳು."

ಹೇಳಿದಳು. ಮೊದಲನೆಯ ಕಥೆಗೆ ನನ್ನ ಮುಖ ಹುಳ್ಳಗಾಯಿತು. ಎರಡನೆಯದಕ್ಕೆ ನನಗೇ ನಗು ಬಂತು. ಮೂರನೆಯದರಲ್ಲಿ, ಯಾರದೋ ಮದುವೆಗೆ ಹೋಗಿ ವೇದಿಕೆಯ ಹಿಂದಿನ ಬಾಗಿಲು ಬಿಚ್ಚಿಟ್ಟು ಬಂದಿದ್ದೆನಂತೆ. ಶುದ್ಧ ಸುಳ್ಳು. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ನಿಜ ತಾನೇ?" ಎಂದಳು, ನಗು ಅರ್ಧಕ್ಕೆ ಹಿಡಿದು.

"ನಿಜ" ಎಂದೆ. "ಕಿಟಕೀನೂ ಬಿಚ್ಚಿದ್ದೆ."