ಮರೆವ್ವನ ಸೆರಗಿನಲ್ಲಿ ಸೈಕಲ್ ಕೀಲಿಕೈ

ಚಚಡಿ ಊರಿನ ಮುದಕಪ್ಪನ ಸೈಕಲ್‌ಗೆ ಕೀಲಿ ಬಿದ್ದು ಹತ್ತು ದಿನವಾಗಿತ್ತು. ಕೀಲಿಕೈ ಹೆಂಡತಿ ಮರೆವ್ವನ ಸೆರಗಿನ ಗಂಟಿನಲ್ಲಿತ್ತು. ಅವಳೇನು ಹಟಕ್ಕೆ ಕಟ್ಟಿಕೊಂಡದ್ದಲ್ಲ. ಶ್ರಾವಣದ ಮೊದಲ ಸೋಮವಾರ ಗಂಡ ಯರಗಟ್ಟಿ ರಸ್ತೆಯಲ್ಲಿ ಸೈಕಲ್ ಮೇಲಿಂದ ಬಿದ್ದಿದ್ದ. ಮೈಯೆಲ್ಲ ಬೆವರು, ಕೈಕಾಲು ನಡುಕ. ಯಾರೋ ಪುಣ್ಯಾತ್ಮರು ಸಿಹಿ ಚಹಾ ಕುಡಿಸಿ ಮನೆ ಮುಟ್ಟಿಸಿದ್ದರು. ಮರೆವ್ವನ ಜೀವ ಬಾಯಿಗೆ ಬಂದಿತ್ತು.

ಅಂದಿನಿಂದ ಮುದಕಪ್ಪ ಕಟ್ಟೆ ಬಿಟ್ಟೇಳಲಿಲ್ಲ. ಆಶಾ ಕಾರ್ಯಕರ್ತೆ ಯಶೋಧಾ ಬಂದು ನೋಡಿದರೆ, ದಿನಾ ಸೈಕಲ್ ತುಳಿದು ಇಳಿದಿದ್ದ ರಕ್ತದ ಸಕ್ಕರೆ ಮತ್ತೆ ಏರಿತ್ತು.

"ಯಾಕ್ರಿ ಕಾಕಾ, ಸೈಕಲ್ ಬಿಟ್ರೇನು?"

"ನನ್ನೇನ್ ಕೇಳ್ತಿ? ನಿಮ್ಮ ಕಾಕಿ ಸೆರಗ ಕೇಳವಾ."

ಮರೆವ್ವ ಸಿಡಿದಳು. "ಸೈಕಲ್ ಹೊಡದ್ರ ಶುಗರ್ ಇಳೀತೈತಿ ಅಂದಾಕಿ ನೀನ! ಅವತ್ತ ನನ್ನ ಕುಂಕುಮ ಉಳದದ್ದ ದೊಡ್ಡದು."

"ಅವತ್ತ ಏನ್ ತಿಂದಿದ್ರಿ ಕಾಕಾ?"

"ಶ್ರಾವಣ ಸೋಮವಾರಲ್ಲೇನವಾ? ಒಪ್ಪತ್ತು. ಸಂಜಿಗೇ ಊಟ."

"ಗುಳಿಗಿ?"

"ಅದನ್ನ ಬಿಡ್ತೇನೇನು? ನೀರಾಗ ನುಂಗಿ ಹೊಂಟೆ." ಮುದಕಪ್ಪ ಎದೆಯುಬ್ಬಿಸಿ ಹೇಳಿದ.

ಯಶೋಧಾ ಹಣೆ ಚಚ್ಚಿಕೊಂಡಳು. "ತಪ್ಪು ಸೈಕಲ್‌ದ್ದಲ್ಲ ಕಾಕಿ. ಗುಳಿಗಿ ಸಕ್ಕರಿ ಇಳಸ್ತು, ಸೈಕಲ್ ಇನ್ನಷ್ಟು ಇಳಸ್ತು, ಹೊಟ್ಟಿ ನೋಡಿದ್ರ ಖಾಲಿ. ಸಕ್ಕರಿ ಪೂರಾ ತಳಾ ಕಂಡೈತಿ. ಆ ಸಿಹಿ ಚಹಾನ ಕಾಕಾನ ಜೀವಾ ಉಳಸೈತಿ."

"ಅಂದ್ರ ಬ್ಯಾರೆ ಜಡ್ಡೇನಿಲ್ಲ?" ಮರೆವ್ವ ಕೇಳಿದಳು.

"ಡಾಕ್ಟರ್‌ಗೆ ತೋರ್ಸಿ ಬರೂಣ ಬರ್ರಿ."

ಡಾಕ್ಟರು ಎದೆ ನೋಡಿದರು, ಪಾದ ನೋಡಿದರು, ಗುಳಿಗೆಯ ಪ್ರಮಾಣ ಸರಿಪಡಿಸಿದರು. ತಿಂದು ಸೈಕಲ್ ತುಳಿಯಬಹುದು, ದಿನಾ ಅರ್ಧ ತಾಸು ಸಾಕು, ಬರಿಗಾಲು ಬೇಡ, ನಮ್ಮನ್ನು ಕೇಳದೆ ಉಪವಾಸ ಬೇಡ ಎಂದರು. ಮರೆವ್ವನ ಎದೆಯ ಮೇಲಿನ ಭಾರ ಇಳಿಯಿತು. ಅಲ್ಲೇ ಬಾಗಿಲಲ್ಲಿ ನಿಂತು ಅತ್ತುಬಿಟ್ಟಳು.

ಮುಂದಿನ ಸೋಮವಾರ ಬೆಳಿಗ್ಗೆ ಬಿಸಿ ರೊಟ್ಟಿ, ಪಲ್ಯ ತಂದು ಗಂಡನ ಮುಂದಿಟ್ಟಳು.

"ಇವತ್ತ ಒಪ್ಪತ್ತಲ್ಲೇನ?"

"ಶಿವಗ ನಾ ಹೇಳೇನಿ. ನಿಮ್ಮ ಪಾಲಿಂದೂ ನಾನ ಮಾಡ್ತೇನಿ. ಉಣ್ರಿ."

ಸೆರಗಿನ ಗಂಟು ಬಿಚ್ಚಿ ಕೀಲಿಕೈ ಕೊಟ್ಟಳು. ಎರಡು ವರ್ಷದಿಂದ ಸಕ್ಕರೆ ಡಬ್ಬಿಯನ್ನು ಗಂಡನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟವಳು, ತಾನೇ ಅವನ ಕಿಸೆಯಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇಟ್ಟಳು.

"ಕೈ ನಡುಗಿದ್ರ, ಬೆವರು ಬಂದ್ರ, ಇಳದು ಬಾಯಾಗ ಹಾಕ್ಕೋರಿ. ಸುಮ್‌ಸುಮ್ನ ತಿಂದ್ರ ನೋಡ್ರಿ ಮತ್ತ!"

ಮುದಕಪ್ಪ ಗಂಟೆ ಬಾರಿಸುತ್ತಾ ಹೊರಟ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರಿದ್ದರೆ ಅವರ ಸೈಕಲ್‌ಗೆ ಕೀಲಿ ಹಾಕಬೇಡಿ. ಡಾಕ್ಟರನ್ನು ಕೇಳಿ, ಹೊಟ್ಟೆಗೆ ಹಾಕಿ, ಕಿಸೆಯಲ್ಲೊಂದು ಸಕ್ಕರೆ ಪೊಟ್ಟಣ ಇಟ್ಟು ಕಳಿಸಿ. ಅವರು ನಗುತ್ತಾ ಮನೆಗೆ ಬರಲಿ.