ಬೀಗರ ಮನೆಯಲ್ಲಿ ಅರ್ಧ ಹೋಳಿಗೆ

ನಮ್ಮ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿಗಳು ಬೇಕಾದಷ್ಟು ಜನ ಇದ್ದಾರೆ. ಊಟಕ್ಕೆ ಹೆಸರಾದವನು ಹಾಲೇಶಪ್ಪ ಒಬ್ಬನೇ. ಅವನು ನನ್ನ ಷಡ್ಡಕ. ಅವನ ಹೆಂಡತಿ ಕೊಟ್ರಬಸಮ್ಮ ನನ್ನ ಹೆಂಡತಿಗೆ ಅಕ್ಕ. ಅವನು ಕೂತರೆ ಏಳಿಸಲು ಇಬ್ಬರು ಬೇಕಿತ್ತು, ಉಣ್ಣಲು ಕೂತರೆ ಬಡಿಸಲು ಇನ್ನಿಬ್ಬರು.

ಕಳೆದ ಬೇಸಿಗೆಯಲ್ಲಿ ಮಹಡಿ ಹತ್ತುವಾಗ ಅರ್ಧಕ್ಕೇ ಕುಸಿದು ಕೂತ. ಹೀಗೇ ಇದ್ದರೆ ಮಗಳ ಮದುವೆ ನೋಡುವುದು ಕಷ್ಟ ಎಂದರು ಡಾಕ್ಟರು. ಹೊಟ್ಟೆ ದೊಡ್ಡದಾಗಿ ಕೊಯ್ಯದೆ, ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಮೇಲ್ಭಾಗಕ್ಕೆ ಒಂದು ಪಟ್ಟಿ ಬಿಗಿದು ಕಳಿಸಿದರು. ಅಲ್ಲಿಂದ ಅವನ ಊಟ ಒಂದು ಸಣ್ಣ ಬಟ್ಟಲಿಗೆ ಇಳಿಯಿತು. ಅದಕ್ಕಿಂತ ಹೆಚ್ಚು ಹೋದರೆ ವಾಪಸ್ ಬರುತ್ತದೆ.

ಕೊಟ್ರಬಸಮ್ಮ ಇದನ್ನು ಗುಟ್ಟಾಗಿಟ್ಟಳು. "ಹುಡುಗಿ ಅಪ್ಪಗ ಆಪರೇಷನ್ ಆಗೈತಿ ಅಂದ್ರ ಬಂದ ಸಂಬಂಧ ನಿಂದ್ರತಾವೇನ್ರಿ?" ಎಂದು ನಮ್ಮ ಬಾಯಿ ಮುಚ್ಚಿಸಿ, ಊರಿಗೆಲ್ಲ ಯಾತ್ರೆಗೆ ಹೋಗಿದ್ದೆವು ಎಂದು ಹೇಳಿದಳು. ಯಾತ್ರೆಯಿಂದ ಬಂದವನು ತಿಂಗಳು ತಿಂಗಳಿಗೆ ತೆಳ್ಳಗಾಗುವುದನ್ನು ಕಂಡು ಜನ ಅದು ಯಾವ ದೇವರು ಎಂದು ವಿಚಾರಿಸತೊಡಗಿದರು.

ಅಷ್ಟರಲ್ಲಿ ಮಗಳು ಸುಮಲತಾಳಿಗೆ ಮಾಗಳದ ಗಂಗಾಧರನ ಸಂಬಂಧ ಬಂತು. ಬಂತು ಎನ್ನುವುದು ದೊಡ್ಡವರ ಮಾತು. ಇಬ್ಬರೂ ಹಡಗಲಿಯ ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಸಂಬಂಧವನ್ನು ಅವರೇ ತರಿಸಿದ್ದರು. ನಾವು ವರನ ಮನೆ ನೋಡಲು ಹೊರಟ ದಿನ, ಮನೆಯಲ್ಲೇ ಉಳಿಯಲಿದ್ದ ಸುಮಲತಾ ಕಾರಿನ ಬಾಗಿಲು ಹಿಡಿದು, "ಅಪ್ಪಾಜಿ, ಈ ಮನಿ ಒಂದು ಬ್ಯಾಡ ಅನ್ನಬ್ಯಾಡ್ರಿ," ಎಂದಳು. ಹಾಲೇಶಪ್ಪ ಹೂಂ ಎಂದ.

ಮನೆ ಒಪ್ಪಿಗೆಯಾಯಿತೇ ಎಂದು ಈ ಕಡೆಯ ಹಿರಿಯರು ಬಾಯಿಬಿಟ್ಟು ಕೇಳುವುದಿಲ್ಲ. ತಟ್ಟೆ ನೋಡುತ್ತಾರೆ. ಹುಡುಗಿಯ ತಂದೆ ಕೇಳಿ ಎರಡನೇ ಸಲ ಹಾಕಿಸಿಕೊಂಡರೆ ಒಪ್ಪಿಗೆ. ಸಾಕೆಂದು ಕೈ ಅಡ್ಡ ಹಿಡಿದರೆ ಸಂಬಂಧ ಮುಗಿದಂತೆ. ಇದು ಗೊತ್ತಿದ್ದೇ ಕೊಟ್ರಬಸಮ್ಮ ದಾರಿಯಲ್ಲಿ ನನಗೊಂದು ಕೆಲಸ ಹಚ್ಚಿದಳು.

"ನೀವು ಅವರ ಬಾಜೂಕ ಕುಂದರ್ರಿ. ಯಾರೂ ನೋಡದಾಗ ಅವರ ತಟ್ಟ್ಯಾಗಿಂದು ತಗೊಂಡು ಉಂಡುಬಿಡ್ರಿ."

ನಾನು ಸಕ್ಕರೆ ಕಾಯಿಲೆಯವನು. ಅದು ಯಾರಿಗೂ ಗುಟ್ಟಲ್ಲ, ಆದರೆ ಯಾರಿಗೂ ನೆನಪಿರುವುದಿಲ್ಲ.

ಮಾಗಳದಲ್ಲಿ ಹೋಳಿಗೆ ಮಾಡಿದ್ದರು. ಹಾಲೇಶಪ್ಪ ಅರ್ಧ ಹೋಳಿಗೆಯನ್ನು ಅಗಿದು ಅಗಿದು ನುಂಗಿ ನಿಲ್ಲಿಸಿದ. ಉಳಿದದ್ದಕ್ಕೆ ನಾನು ಕೈ ಹಾಕಿದೆ. ಆಗಲೇ ಗಂಗಾಧರನ ತಾಯಿ ತುಪ್ಪ ಹಿಡಿದು ಬರಬೇಕೇ. ಅವರು ಅವನ ತಟ್ಟೆ ನೋಡಿದರು, ನನ್ನ ಕೈ ನೋಡಿದರು.

"ನಮ್ಮ ಮನಿ ಊಟ ನಿಮಗ ಹಿಡಿಸಲಿಲ್ಲ ಅನ್ರಿ. ಬಾಯಿಬಿಟ್ಟು ಹೇಳಿದ್ರ ಆಗತಿತ್ತು," ಎಂದರು.

ಗಂಗಾಧರ ನೀರಿನ ಜಗ್ಗು ಹಿಡಿದು ಬಾಗಿಲ ಬಳಿ ನಿಂತಿದ್ದ. ಅವನ ಮುಖ ಬಿಳಚಿಕೊಂಡಿತು.

ಹಾಲೇಶಪ್ಪ ನನ್ನ ಕೈಯಿಂದ ಹೋಳಿಗೆ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡ. ನುಂಗಿದ. ಹಣೆಯಲ್ಲಿ ಬೆವರೊಡೆಯಿತು. ಎದೆ ಹಿಡಿದುಕೊಂಡು ಹಿತ್ತಲಿಗೆ ಹೋದ. ಅವನು ವಾಂತಿ ಮಾಡುವುದು ಪಡಸಾಲೆಗೆಲ್ಲ ಕೇಳಿಸಿತು. ಬೀಗರ ಊಟಕ್ಕೆ ಇಂಥ ಮರ್ಯಾದೆಯನ್ನು ಹಿಂದೆ ಯಾರೂ ಕೊಟ್ಟಿರಲಾರರು. ನನಗೆ ಮಾತ್ರ ದುಃಖ ಒತ್ತರಿಸಿ ಬಂತು. ಊಟ ಬಿಟ್ಟದ್ದೂ ಮಗಳಿಗಾಗಿ, ಈಗ ಉಂಡದ್ದೂ ಮಗಳಿಗಾಗಿ. ಈ ಮನುಷ್ಯ ಇನ್ನೇನು ಮಾಡಬೇಕು?

ಮುಖ ತೊಳೆದು ಬಂದವನು ನಿಂತೇ ಅಂಗಿ ಎತ್ತಿದ. ಹೊಟ್ಟೆಯ ಮೇಲೆ ಅಲ್ಲಲ್ಲಿ ಸಣ್ಣ ಗಾಯದ ಕಲೆಗಳಿದ್ದವು.

"ಹೊಟ್ಟಿಗೆ ಪಟ್ಟಿ ಹಾಕಿಸೀನ್ರಿ ಅಕ್ಕಾರೆ. ಅರ್ಧ ಹೋಳಿಗಿಗೆ ತುಂಬತೈತಿ. ಸುಮಲತಾನ ಮದಿವ್ಯಾಗ ನನ್ನ ಕಾಲಮ್ಯಾಲೆ ನಾನು ನಿಂದರಬೇಕಂತ ಹಾಕಿಸ್ಕೊಂಡೆ. ನಿಮ್ಮತ್ರ ಮುಚ್ಚಿಟ್ಟಿದ್ದು ತಪ್ಪಾತು."

ಒಳಗೆ ಹೆಂಗಸರ ಜೊತೆ ಕೂತಿದ್ದ ಕೊಟ್ರಬಸಮ್ಮ "ಶಿವನೇ" ಎಂದದ್ದು ಕೇಳಿಸಿತು.

ಗಂಗಾಧರನ ತಾಯಿ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಪುಟ್ಟ ಬೆಳ್ಳಿ ಬಟ್ಟಲು, ಅದರಲ್ಲಿ ಸೋಸಿದ ಹೋಳಿಗೆ ಸಾರು.

"ಗಂಗಾಧರ ಕೂಸಿದ್ದಾಗ ಇದರಾಗ ಉಣ್ಣಿಸ್ತಿದ್ದೆ. ಅವನಿಗೂ ಬಾಳ ಹಿಡೀತಿದ್ದಿಲ್ಲ. ಸಾವಕಾಶ ಕುಡೀರಿ."

ಹಾಲೇಶಪ್ಪ ಗುಟುಕು ಗುಟುಕಾಗಿ ಕುಡಿದ. ನಾವೆಲ್ಲ ಅವನ ಗಂಟಲನ್ನೇ ನೋಡುತ್ತಿದ್ದೆವು. ಸಾರು ಒಳಗೇ ನಿಂತಿತು. ಅವನು ಬಟ್ಟಲನ್ನು ಕೆಳಗಿಡದೆ ಅವರ ಮುಂದೆ ಚಾಚಿದ.

"ಇನ್ನೊಂದು ಚೂರು ಹಾಕ್ರಿ," ಎಂದ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ಚಮಚ ಹಾಕಿದರು. ಗಂಗಾಧರ ಜಗ್ಗು ಅಲ್ಲೇ ಇಟ್ಟು, ಫೋನ್ ತೆಗೆದುಕೊಂಡು ಹೊರಗೆ ಓಡಿದ.