ಸಂತೆಮನೆಯ ಎಕ್ಸ್‌ರೇ ಡಾಕ್ಟರು

ಗಿರಿಜಾ ಆಂಟಿಯ ಕಾಲು ಮೆಲ್ಬರ್ನಿನಲ್ಲಿ ತುಳಿಯದ ಹಳೇ ಹೊಸ್ತಿಲಿರಲಿಲ್ಲ, ಒಂದನ್ನು ಬಿಟ್ಟು. ಚರ್ಚಿನ ಗಂಟೆಗೋಪುರ ಹತ್ತಿದವರು, ಹಾಳುಬಿದ್ದ ಉಣ್ಣೆಯ ಗೋದಾಮಿಗೆ ಸೀರೆ ಎತ್ತಿ ಸಿಕ್ಕಿಸಿ ನುಗ್ಗಿದವರು, ಹಳೇ ಮಾರ್ಕೆಟ್ ಭವನವಾದ ಸಂತೆಮನೆಯ ಮೂಲೆಯ ಪಬ್ಬಿನ ಬಾಗಿಲಿಗೆ ಬಂದರೆ ಮಾತ್ರ ಗಕ್ಕನೆ ನಿಂತುಬಿಡುತ್ತಿದ್ದರು. ಯಾರೂ ಆಣೆ ಹಾಕಿಸಿರಲಿಲ್ಲ. ಅವರು ಹುಟ್ಟಿ ಬೆಳೆದ ಮೈಸೂರಿನ ಬೀದಿಯಲ್ಲಿ ಹೆಂಡದಂಗಡಿ ಎದುರಾದರೆ ಹೆಣ್ಣುಮಕ್ಕಳು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುವುದು ರೂಢಿ. ಬುದ್ಧಿ ಮರೆತರೂ ಕಾಲು ಮರೆತಿರಲಿಲ್ಲ.

ನಲವತ್ತು ವರ್ಷ ಎಕ್ಸ್‌ರೇ ಓದಿದ ಡಾಕ್ಟರು ಅವರು. ನಿವೃತ್ತಿಯ ಮೇಲೆ ಶನಿವಾರ ಶನಿವಾರ ಮನೆಯಿರುವ ವೆರಿಬೀಯಲ್ಲಿ ರೈಲು ಹತ್ತಿ, ಸೀರೆಯ ಮೇಲೆ ಗಂಡನ ಹಳೇ ಬೂದು ಕೋಟು ತೊಟ್ಟು, ಬಂದವರಿಗೆಲ್ಲ ಸಂತೆಮನೆಯ ಚರಿತ್ರೆ ಹೇಳುವ ಸ್ವಯಂಸೇವೆಗೆ ನಿಂತರು. ಎರಡು ಹೆಜ್ಜೆ ಮುಂದೆ, ಆಮೇಲೆ ಕತ್ತು ವಾರೆ ಮಾಡಿ ಗೋಡೆಯತ್ತ ಒಂದು ದಿಟ್ಟಿ, ಹೀಗೆ ಅವರ ನಡಿಗೆ. "ನೆರಳು ನೋಡಿ, ನೆರಳು" ಎನ್ನುವುದು ಮಾತಿನ ಚಾಳಿ. ತಲೆಯೆತ್ತಿದರೆ ವಿಕ್ಟೋರಿಯಾ ರಾಣಿಯ ಕಾಲದ ಆ ಭವನ ಮೆಲ್ಲನೆ ಬಿಚ್ಚಿಕೊಳ್ಳುತ್ತಿತ್ತು: ಕರಿಗಲ್ಲಿನ ಪಾಯ, ಸೀರೆಗೆ ಅಂಚು ಹಚ್ಚಿದಂತೆ ಕೆಂಪು ಇಟ್ಟಿಗೆಯ ನಡುನಡುವೆ ಕೆನೆಬಣ್ಣದ ಪಟ್ಟಿ, ಒಳಗೆ ಎರಕದ ಕಬ್ಬಿಣದ ಕಂಬಗಳ ಸಾಲು, ಕಂಬಗಳ ತಲೆಯಲ್ಲಿ ಜರೀಗಿಡದ ಎಲೆಗಳ ಕುಸುರಿ, ನೆತ್ತಿಯ ಗಾಜಿನಿಂದ ಸೊಪ್ಪಿನ ಮೇಲೂ ಮೀನಿನ ಮೇಲೂ ಭೇದವಿಲ್ಲದೆ ಇಳಿಯುವ ಬೆಳಕು. "ರೈತ ಇಲ್ಲಿ ಆಲೂಗಡ್ಡೆ ಮಾರ್ತಿದ್ದ, ಅಲ್ಲಿ ಕುಡೀತಿದ್ದ, ಕುದುರೆ ಅವನನ್ನ ಮನೆಗೆ ಸೇರಿಸ್ತಿತ್ತು" ಎಂದು ನಗಿಸಿ, ಪಬ್ಬಿನ ಕಡೆ ದೂರದಿಂದಲೇ ಕೈ ತೋರಿಸಿ, "ಅದು ಆಮೇಲೆ ಸೇರಿಸಿದ್ದು, ಆ ಹಸಿರು ಟೈಲ್ಸ್ ನೋಡಿದ್ರೇನೇ ಗೊತ್ತಾಗುತ್ತೆ" ಎಂದು ಮುಂದೆ ಸಾಗುತ್ತಿದ್ದರು. ನೋಡಬಂದವರಿಗೆ ಹಂಚುವ ಕರಪತ್ರದಲ್ಲೂ ಹಾಗೆಯೇ ಬರೆದರು.

ಆ ಕರಪತ್ರವೇ ತಿರುಗಿ ಬಂದು ಎದೆಗೆ ನಾಟಿತು. ಕಟ್ಟಡದ ಮಾಲೀಕರು ಪಬ್ ಕೆಡವಿ ಫ್ಲ್ಯಾಟು ಎಬ್ಬಿಸಲು ನಗರದ ಕೌನ್ಸಿಲ್ಲಿಗೆ ಅರ್ಜಿ ಹಾಕಿದ್ದರು. ಪಾರಂಪರಿಕ ಕಟ್ಟಡವೆಂಬ ಸಂರಕ್ಷಣೆ ಇರುವುದು ಮೂಲ ಸಂತೆಮನೆಗೆ, ಪಬ್ ಆಮೇಲಿನದು ಎಂಬುದಕ್ಕೆ ಅವರು ಲಗತ್ತಿಸಿದ ಪುರಾವೆ ಗಿರಿಜಾ ಆಂಟಿಯ ಸಾಲು.

ಪಬ್ ನಡೆಸುವ ಟ್ರೇಸಿ ಶನಿವಾರ ಅವರನ್ನು ಅಡ್ಡಗಟ್ಟಿದಳು. "ಡಾಕ್ಟರ್, ಆರು ವರ್ಷ ನನ್ನ ಬಾಗಿಲಲ್ಲಿ ನಿಂತು ಒಳಗಿನ ವಯಸ್ಸು ಹೇಳಿದಿರಿ. ಒಂದು ಸಲವಾದರೂ ಒಳಗೆ ಬಂದಿದ್ದೀರಾ?"

ಮಧ್ಯಾಹ್ನ ಊಟಕ್ಕೆ ಕೂತಾಗ ಆಂಟಿ ನಡೆದದ್ದನ್ನೆಲ್ಲ ಹೇಳಿದರು. ಗಂಡ ಗೋಪೀನಾಥರಿಗೆ ಹೆಂಡತಿಯನ್ನು ಕೆಣಕದಿದ್ದರೆ ಅನ್ನ ರುಚಿಸದು. "ಏನು ಡಾಕ್ಟ್ರಮ್ಮ, ಫಿಲ್ಮೇ ನೋಡದೆ ರಿಪೋರ್ಟ್ ಬರೆದ್ಬಿಟ್ರಾ?"

"ಹೂಂ ಕಣ್ರೀ. ಚರ್ಮ ನೋಡಿ ಮೂಳೆ ವಯಸ್ಸು ಹೇಳಿದೀನಿ. ನಾಳೆ ಹೋಗ್ತೀನಿ."

"ನಾನೂ ಬರ್ಲಾ?"

"ಬನ್ನಿ. ಏನೂ ಆರ್ಡರ್ ಮಾಡ್ಬೇಡಿ, ಅಷ್ಟೇ."

ಮರುದಿನ ಗಂಡನ ಜತೆ ಹೋದ ಆಂಟಿ ಸೆರಗು ಬಿಗಿದು, ತಣ್ಣೀರಿಗೆ ಇಳಿಯುವವರಂತೆ ಉಸಿರು ಹಿಡಿದು ಒಳಗೆ ಕಾಲಿಟ್ಟರು. ಕೌಂಟರಿನ ಹಿಂದೆ, ಅರ್ಧ ಗೋಡೆಯಲ್ಲಿ ಹುದುಗಿ, ಒಂದು ಕಬ್ಬಿಣದ ಕಂಬ. ಅದರ ತಲೆಯಲ್ಲೂ ಜರೀಗಿಡದ ಎಲೆ. ಹಿಂದಿನ ಉಗ್ರಾಣದಲ್ಲಿ ಗಾರೆ ಉದುರಿದ್ದ ಕಡೆ ಟ್ರೇಸಿ ಟಾರ್ಚು ಹಿಡಿದಳು. ಸಂತೆಮನೆಯ ಕೆಂಪು-ಕೆನೆ ಪಟ್ಟಿ ಎಲ್ಲೂ ಕಡಿಯದೆ ಪಬ್ಬಿನ ಗೋಡೆಗೆ ಹರಿದುಬಂದಿತ್ತು. ಆಮೇಲೆ ಸೇರಿಸಿದ್ದಾಗಿದ್ದರೆ ನಡುವೆ ನೆಟ್ಟಗೆ ಒಂದು ಸಂದು ಇರಬೇಕಿತ್ತು. ಇಲ್ಲಿ ಇಟ್ಟಿಗೆಗಳು ಬೆರಳಿಗೆ ಬೆರಳು ಹೆಣೆದುಕೊಂಡಿದ್ದವು. ಆಮೇಲೆ ಬಂದದ್ದು ಹೊರಗಿನ ಟೈಲ್ಸ್ ಮಾತ್ರ.

"ಅವಳಿ ಕಣ್ರೀ ಇವು," ಎಂದರು ಆಂಟಿ, ಗೋಡೆಯ ಮೇಲಿಟ್ಟ ಕೈ ತೆಗೆಯದೆ. "ಒಂದೇ ಬಸಿರು."

"ಹಾಗಾದ್ರೆ ಡಾಕ್ಟ್ರು ತಪ್ಪು," ಎಂದರು ಗೋಪೀನಾಥರು.

"ತಪ್ಪು. ಇನ್ನು ಅದನ್ನ ಕೌನ್ಸಿಲ್ ಮೈಕಲ್ಲಿ ಹೇಳ್ಬೇಕು."

ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರಿಗೆ ಸಿಗುವುದು ಮೂರೇ ನಿಮಿಷ. ಆಂಟಿ ತಾವು ತೆಗೆದ ಫೋಟೋಗಳನ್ನು ಮೇಜಿನ ಮೇಲಿಟ್ಟು, ಆ ಸಾಲು ನನ್ನದು, ತಪ್ಪೂ ನನ್ನದು ಎಂದರು. ಮಾಲೀಕರ ವಕೀಲ ನಕ್ಕು ಕೇಳಿದ, "ನಾವು ಯಾವ ಗಿರಿಜಾರನ್ನು ನಂಬೋಣ? ಹೋದ ವರ್ಷದವರನ್ನೋ, ಈ ವರ್ಷದವರನ್ನೋ?"

"ಇಬ್ಬರನ್ನೂ ನಂಬಬೇಡಿ. ಹೋಗಿ ಗೋಡೆ ನೋಡಿ."

ಕೌನ್ಸಿಲ್ ತಜ್ಞರನ್ನು ಕಳಿಸಿತು. ಒಂದು ತಿಂಗಳಿಗೆ ವರದಿ ಬಂತು: ಒಂದೇ ಕಟ್ಟಡ, ಒಂದೇ ಕಾಲ. ಅರ್ಜಿ ಬಿದ್ದುಹೋಯಿತು, ಪಬ್ ಉಳಿಯಿತು. ಆಂಟಿ ಹೊಸ ಕರಪತ್ರ ಬರೆದರು. ಹಳೇ ತಪ್ಪನ್ನು ಅಳಿಸದೆ, ತಪ್ಪೆಂದು ಹೇಳಿಯೇ ಅಚ್ಚು ಹಾಕಿಸಿದರು.

ತಿಳಿದವರು ಲೋಕದಲ್ಲಿ ಬೇಕಾದಷ್ಟು ಜನ. ತಿಳಿದದ್ದನ್ನು ಹೇಳುವವರು ಇನ್ನೂ ಹೆಚ್ಚು. ಆದರೆ ತಾನಾಡಿದ ಮಾತು ಯಾರ ಸೂರಿನ ಮೇಲೆ ಬೀಳಲು ಹೊರಟಿದೆಯೆಂದು ಗೊತ್ತಾದ ಕೂಡಲೇ, ಮಾನ ಮರ್ಯಾದೆ ಲೆಕ್ಕಿಸದೆ ಅದರ ಹಿಂದೆ ಓಡಿ, ಅದಕ್ಕಿಂತ ಮೊದಲೇ ಅಲ್ಲಿಗೆ ತಲುಪುವ ಮಂದಿ ಎಲ್ಲೋ ಒಬ್ಬಿಬ್ಬರು. ಊರುಗಳು ಇಷ್ಟಾದರೂ ನಿಂತಿರುವುದು ಅವರ ಆ ಓಟದಿಂದ.